ಹಳೆಯ ಮಿಲ್ಲಿಂಗ್ ಮಷೀನಿಗೆ ಸರ್ವೋ: 400 ವ್ಯಾಟ್ ಸಾಕಾ, ಪುಲ್ಲಿ ಬೇಕಾ?

ಸಕಲೇಶಪುರದಿಂದ ನೀವು ಕೇಳಿರುವುದು ಇಷ್ಟು: ಮನೆ ಹಿಂದಿನ ಶೆಡ್ಡಿನಲ್ಲಿರುವ ಹಳೆಯ ಬೆಂಚ್ ಮಿಲ್ಲಿಂಗ್ ಮಷೀನನ್ನು ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಹಾಗೆ, ಮಾಡಬೇಕು. ಮೇಜು, ವೈಸು ಸೇರಿ 60 ಕೆಜಿ ಇದೆ. ಮೇಜನ್ನು ತಳ್ಳಲು 20 ಎಂಎಂ ಬಾಲ್ ಸ್ಕ್ರೂ, 5 ಎಂಎಂ ಪಿಚ್ (ಸ್ಕ್ರೂ ಒಂದು ಸುತ್ತು ತಿರುಗಿದರೆ ಮೇಜು 5 ಎಂಎಂ ಸರಿಯುವಂಥದ್ದು) ತರಿಸಿದ್ದೀರಿ. 400 ವ್ಯಾಟ್ ಸರ್ವೋ (ತಾನೆಷ್ಟು ತಿರುಗಿದೆ ಅಂತ ತಾನೇ ಅಳೆದುಕೊಳ್ಳುವ ಮೋಟಾರು) ಸಾಕಾ, 750 ಬೇಕಾ? ನೇರ ಕಪ್ಲಿಂಗಾ, ಬೆಲ್ಟು ಪುಲ್ಲಿಯಾ?

400 ಸಾಕು. ಮೇಜು ಓಡುವ ಎಕ್ಸ್, ವೈಗೆ 2:1 ಪುಲ್ಲಿ (ಮೋಟಾರು ಎರಡು ಸುತ್ತಿಗೆ ಸ್ಕ್ರೂ ಒಂದು ಸುತ್ತು) ಹಾಕಿ. ಹೆಡ್ಡು ಏರಿಳಿಯುವ ಝಡ್‌ಗೆ ನೇರ ಕಪ್ಲಿಂಗ್ ಮಾಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಚಿಕ್ಕಮಗಳೂರಿನಲ್ಲಿದ್ದೇನೆ. ಅಪ್ಪನ ಕಾಲದಿಂದ ಕಾಫಿ ಪಲ್ಪರ್ ರಿಪೇರಿಯೇ ನಮ್ಮ ಕೆಲಸ. ನವೆಂಬರಿನಿಂದ ಫೆಬ್ರವರಿವರೆಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ, ಮಳೆ ಹಿಡಿದ ಮೇಲೆ ವರ್ಕ್‌ಶಾಪ್ ಖಾಲಿ. ಅಂಥ ಒಂದು ಮಳೆಗಾಲದಲ್ಲಿ ನಾನೂ ನಿಮ್ಮ ಹಾಗೇ ಶುರು ಮಾಡಿದೆ. ಒಂದರಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ, ಎರಡು ಮಳೆಗಾಲ ತಿಂದಿತು.

ಮೊದಲು ಲೆಕ್ಕ ನೋಡಿ. 400 ವ್ಯಾಟ್ ಎಸಿ ಸರ್ವೋ 3000 ಆರ್‌ಪಿಎಂನಲ್ಲಿ 1.27 ನ್ಯೂಟನ್ ಮೀಟರ್ ಟಾರ್ಕು (ತಿರುಗಿಸುವ ಬಲ) ಕೊಡುತ್ತದೆ, ಕ್ಷಣಕಾಲಕ್ಕೆ ಅದರ ಮೂರು ಪಟ್ಟಿನಷ್ಟು. ಆ 1.27 ಅನ್ನು 5 ಎಂಎಂ ಪಿಚ್ ಬಾಲ್ ಸ್ಕ್ರೂಗೆ ನೇರವಾಗಿ ಕೊಟ್ಟರೆ ಮೇಜನ್ನು ಸುಮಾರು 146 ಕೆಜಿ ಬಲದಿಂದ ತಳ್ಳುತ್ತದೆ. 2:1 ಪುಲ್ಲಿ ಹಾಕಿದರೆ 290 ಕೆಜಿ. ನನ್ನ ಮಷೀನಿನಲ್ಲಿ 10 ಎಂಎಂ ಎಂಡ್ ಮಿಲ್ ಕಟರ್ ಹಾಕಿ ಕಬ್ಬಿಣ ಕೊರೆಯುವಾಗ ಅದರ ಅರ್ಧದಷ್ಟು ಬಲ ಬರುವ ಮೊದಲೇ ಕಾಲಮ್ಮು ಅದುರಿ ಕಿವಿ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಅಂದಮೇಲೆ 750 ಯಾಕೆ? ಅದರ ಫ್ಲ್ಯಾಂಜು 80 ಎಂಎಂ, ಶಾಫ್ಟು 19 ಎಂಎಂ, 400ರದ್ದು 60 ಮತ್ತು 14. ಬ್ರಾಕೆಟ್ಟು, ಪುಲ್ಲಿ ಎಲ್ಲ ದಪ್ಪ ಮಾಡಬೇಕು, ಸುಮ್ನೆ ಖರ್ಚು.

ವೇಗದ ಕಥೆಯೂ ಇಷ್ಟೇ. 2:1ರಲ್ಲಿ ಸ್ಕ್ರೂ 1500 ಸುತ್ತು ತಿರುಗಿದರೆ ಮೇಜು ನಿಮಿಷಕ್ಕೆ ಏಳೂವರೆ ಮೀಟರ್ ಓಡುತ್ತದೆ. ನಿಮ್ಮದು 400 ಎಂಎಂ ಓಟದ ಮೇಜು ಅಂದುಕೊಂಡರೂ ಈ ತುದಿಯಿಂದ ಆ ತುದಿಗೆ ಮೂರು ಚಿಲ್ಲರೆ ಸೆಕೆಂಡು. ಮನೆ ಶೆಡ್ಡಿನಲ್ಲಿ ಇದಕ್ಕಿಂತ ಜಾಸ್ತಿ ಬೇಕಾ? ನನಗಂತೂ ಅಷ್ಟು ವೇಗದಲ್ಲೇ ಹೆದರಿಕೆ ಆಗಿತ್ತು.

ಈಗ ಪುಲ್ಲಿ ವಿಷಯ. ಎಲ್ಲರೂ ಮೇಜಿನ ತೂಕದ ಬಗ್ಗೆ ಚಿಂತೆ ಮಾಡುತ್ತಾರೆ, ನೀವೂ ಅದನ್ನೇ ಬರೆದಿದ್ದೀರಿ. ಮೋಟಾರಿಗೆ ಕೆಜಿ ಗೊತ್ತಾಗುವುದಿಲ್ಲ. ತನಗೆ ಕಟ್ಟಿದ್ದನ್ನು ತಿರುಗಿಸಲು, ನಿಲ್ಲಿಸಲು ಎಷ್ಟು ಕಷ್ಟ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಅದೇ ಇನರ್ಷಿಯಾ. ನಿಮ್ಮ 60 ಕೆಜಿ ಮೇಜು 5 ಎಂಎಂ ಸ್ಕ್ರೂ ಮೂಲಕ ನೋಡಿದರೆ ಬರೀ 0.38 ಕೆಜಿ ಚದರ ಸೆಂಟಿಮೀಟರ್. 600 ಎಂಎಂ ಉದ್ದದ ಸ್ಕ್ರೂ ಒಂದೇ 0.74. ಇನ್ನು 5ಎಂ ಅಳತೆಯ (ಹಲ್ಲಿನಿಂದ ಹಲ್ಲಿಗೆ 5 ಎಂಎಂ) 40 ಹಲ್ಲಿನ ಪುಲ್ಲಿ, ಸುಮಾರು 64 ಎಂಎಂ ವ್ಯಾಸ, 20 ಎಂಎಂ ದಪ್ಪ, ಗಟ್ಟಿ ಉಕ್ಕಿನದ್ದು ಹಾಕಿದರೆ ಅದೊಂದೇ 2.5! ಮೇಜಿನ ಆರು ಪಟ್ಟಿಗಿಂತ ಜಾಸ್ತಿ. ಕಡಿಮೆ ಇನರ್ಷಿಯಾ ಬಗೆಯ 400 ವ್ಯಾಟ್ ಮೋಟಾರಿನ ರೋಟರೇ, ಅಂದರೆ ಒಳಗೆ ತಿರುಗುವ ಭಾಗವೇ, 0.3ರ ಹತ್ತಿರ ಇರುತ್ತದೆ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ. ವ್ಯಾಸ ಒಂದೂವರೆ ಪಟ್ಟಾದರೆ ಈ ಸಂಖ್ಯೆ ಐದು ಪಟ್ಟಾಗುತ್ತದೆ, ಅದಕ್ಕೇ 60 ಹಲ್ಲಿನ ಪುಲ್ಲಿ ಹಾಕಿ 3:1 ಮಾಡುವ ಆಸೆ ಬೇಡ. ಅದೇ 40 ಹಲ್ಲಿನದ್ದನ್ನು ಅಲ್ಯುಮಿನಿಯಮ್ಮಿನಲ್ಲಿ ಮಾಡಿಸಿದರೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

2:1 ಪುಲ್ಲಿಯ ದೊಡ್ಡ ಉಪಕಾರವೂ ಇಲ್ಲೇ ಇರುವುದು. ಸ್ಕ್ರೂ ಕಡೆಯ ಒಟ್ಟು ಇನರ್ಷಿಯಾ ಮೋಟಾರಿಗೆ ನಾಲ್ಕನೇ ಒಂದು ಭಾಗವಾಗಿ ಕಾಣುತ್ತದೆ, ಟಾರ್ಕು ಎರಡು ಪಟ್ಟಾದರೆ ಇದು ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಅಲ್ಯುಮಿನಿಯಂ ಪುಲ್ಲಿ ಹಾಕಿದರೆ ಎಲ್ಲ ಸೇರಿ 0.5ರ ಆಸುಪಾಸು, ಅಂದರೆ ರೋಟರಿನ ಎರಡು ಪಟ್ಟೂ ಇಲ್ಲ. ಡ್ರೈವ್ (ಮೋಟಾರನ್ನು ನಡೆಸುವ ಪೆಟ್ಟಿಗೆ) ಟ್ಯೂನ್ ಮಾಡುವಾಗ ಮೋಟಾರು ಗುಂಯ್‌ಗುಡದೆ ತೆಪ್ಪಗೆ ನಿಲ್ಲುತ್ತದೆ. ಮೋಟಾರನ್ನು ಮಡಚಿ ಮೇಜಿನ ಅಡಿಗೆ ಕೂರಿಸಬಹುದು, ಶೆಡ್ಡಿನಲ್ಲಿ ಓಡಾಡುವಾಗ ಸೊಂಟಕ್ಕೆ ಹೊಡೆಯುವುದಿಲ್ಲ, ಅದೂ ಒಂದು ಲಾಭ.

ಬೆಲ್ಟು ಎಚ್‌ಟಿಡಿ 5ಎಂ, 15 ಎಂಎಂ ಅಗಲ. ತ್ರೀಡಿ ಪ್ರಿಂಟರಿಗೆ ಹಾಕುವ 2 ಎಂಎಂ ಪಿಚ್ಚಿನ ಬೆಲ್ಟು ಇಲ್ಲಿಗೆ ಬೇಡವೇ ಬೇಡ. ಮೋಟಾರಿಗೆ 20 ಹಲ್ಲು, ಸ್ಕ್ರೂಗೆ 40. ಬೆಲ್ಟಿನ ಉದ್ದ 350 ಎಂಎಂ ತಗೊಂಡರೆ ಎರಡು ಶಾಫ್ಟಿನ ನಡುವೆ 98.7 ಎಂಎಂ ಬರುತ್ತದೆ. ಮೋಟಾರ್ ಪ್ಲೇಟಿನಲ್ಲಿ ದುಂಡನೆ ತೂತಿನ ಬದಲು ಉದ್ದ ತೂತು ಮಾಡಿ, ಬಿಗಿ ಮಾಡಲು ಜಾಗ ಇರಲಿ. ಬಿಗಿ ಅಂದಾಗ ನೆನಪಾಯಿತು, ಪಲ್ಪರಿನ ವಿ ಬೆಲ್ಟಿನ ಹಾಗೆ ಎಳೆದು ಕಟ್ಟಬೇಡಿ, ಸರ್ವೋ ಶಾಫ್ಟು ಅಷ್ಟು ಪಕ್ಕದ ಎಳೆತ ತಾಳುವುದಿಲ್ಲ. ಪುಲ್ಲಿ ಮೋಟಾರಿನ ಮುಖಕ್ಕೆ ಆದಷ್ಟು ಹತ್ತಿರ ಇರಲಿ. ಬೆಲ್ಟಿನಿಂದ ಪ್ಲೇ, ಅಂದರೆ ಸಡಿಲ, ಬರುತ್ತದೆ ಅಂತ ಹೆದರಿಸುವವರು ಇದ್ದಾರೆ. 40 ಹಲ್ಲಿನ ಪುಲ್ಲಿಯ ಸುತ್ತಳತೆ 200 ಎಂಎಂ, ಬೆಲ್ಟಿನಲ್ಲಿ 0.1 ಎಂಎಂ ಸಡಿಲ ಇದ್ದರೂ ಮೇಜಿಗೆ ತಲುಪುವುದು 0.0025 ಎಂಎಂ. ನಮ್ಮ ಮಷೀನಿನಲ್ಲಿ ಮೇಜು ಜಾರುವ ದಾರಿಗಳ ಸವೆತ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಅಲ್ವಾ?

ಆದರೆ ಪುಲ್ಲಿ ಶಾಫ್ಟಿನ ಮೇಲೆ ಜಾರುವುದು ಬೇರೆ ಮಾತು, ಅದರಿಂದ ನಾನು ಮೂರು ವಾರ ಕಳೆದುಕೊಂಡೆ. ಅಗ್ಗಕ್ಕೆ ಸಿಕ್ಕಿತು ಅಂತ ಕೀ (ಪುಲ್ಲಿ ಜಾರದ ಹಾಗೆ ಶಾಫ್ಟಿಗೆ ಕೂರಿಸುವ ಚಿಕ್ಕ ಬೆಣೆ) ಇಲ್ಲದ ನುಣುಪು ಶಾಫ್ಟಿನ ಮೋಟಾರು ತಂದು, ಎರಡು ಗ್ರಬ್ ಸ್ಕ್ರೂ (ತಲೆಯಿಲ್ಲದ ಚಿಕ್ಕ ಸ್ಕ್ರೂ) ಬಿಗಿದು ಪುಲ್ಲಿ ಕೂರಿಸಿದ್ದೆ. ತೂತು ಹಾಕುತ್ತ ಹೋದರೆ ಮೊದಲ ಹತ್ತು ಸರಿ, ಆಮೇಲಿನವು ಸರಿಯುತ್ತ ಹೋಗುತ್ತವೆ, ಕೊನೆಗೆ 0.3 ಎಂಎಂ ವ್ಯತ್ಯಾಸ. ಡ್ರೈವಿನಲ್ಲಿ ಒಂದೇ ಒಂದು ಅಲಾರಂ ಇಲ್ಲ. ಅರ್ಥಿಂಗ್ ಅಂದೆ, ಕೇಬಲ್ ಅಂದೆ, ಸ್ಪಿಂಡಲ್ ಡ್ರೈವಿನ ಗದ್ದಲ ಅಂದೆ, ಸಾಫ್ಟ್‌ವೇರ್ ಎರಡು ಸಲ ಹೊಸದಾಗಿ ಹಾಕಿದೆ. ಕೊನೆಗೆ ಅಪ್ಪ ಬಂದು ಒಂದು ಮಾತೂ ಆಡದೆ ಶಾಫ್ಟಿಗೂ ಪುಲ್ಲಿಗೂ ಸೇರಿಸಿ ಮಾರ್ಕರಿನಲ್ಲಿ ಒಂದು ಗೀಟು ಎಳೆದು ಹೋದರು. ಸಂಜೆ ನೋಡಿದರೆ ಗೀಟು ಎರಡು ತುಂಡಾಗಿ ಆಚೆ ಒಂದು ಈಚೆ ಒಂದು ನಿಂತಿತ್ತು. ಎಷ್ಟು ತಿರುಗಿತು ಅಂತ ಅಳೆಯುವ ಎನ್ಕೋಡರ್ ಇರುವುದು ಮೋಟಾರಿನ ಬೆನ್ನಿನಲ್ಲಿ. ಶಾಫ್ಟಿನಿಂದ ಆಚೆ ಏನಾದರೂ ಅದಕ್ಕೆ ಕಾಣುವುದಿಲ್ಲ. ಪುಲ್ಲಿ ಜಾರಿದರೂ, ಸ್ಕ್ರೂನಲ್ಲಿ ಪ್ಲೇ ಇದ್ದರೂ, ಅದರ ಪ್ರಕಾರ ಎಲ್ಲ ಸರಿಯಾಗಿಯೇ ಇದೆ. ಸರ್ವೋ ಹಾಕಿದರೆ ತಪ್ಪು ತಾನಾಗಿ ಸರಿಹೋಗುತ್ತದೆ ಅನ್ನುವುದು ಭ್ರಮೆ.

ಆದ್ದರಿಂದ ಮೋಟಾರು ಕೀ ಇರುವುದನ್ನೇ ಕೇಳಿ ತರಿಸಿ. ಒಂದು ಗ್ರಬ್ ಸ್ಕ್ರೂ ಕೀ ಮೇಲೆ, ಇನ್ನೊಂದು ಅದಕ್ಕೆ 90 ಡಿಗ್ರಿಯಲ್ಲಿ. ಸ್ಕ್ರೂ ಕಡೆಯ ದೊಡ್ಡ ಪುಲ್ಲಿಗೆ ಟೇಪರ್ ಲಾಕ್ ಬುಷ್ (ಬಿಗಿದ ಹಾಗೆ ಶಾಫ್ಟನ್ನು ಸುತ್ತಲೂ ಹಿಡಿಯುವ ಬುಷ್) ಹಾಕಿ, 1008 ನಂಬರಿನದ್ದು ಸಾಕು. ಚಿಕ್ಕ ಪುಲ್ಲಿಯಲ್ಲಿ ಅದಕ್ಕೆ ಜಾಗ ಇರುವುದಿಲ್ಲ.

ಝಡ್ ಮಾತ್ರ ಬೇರೆ. ಬಾಲ್ ಸ್ಕ್ರೂ ಹಳೆಯ ಚೌಕ ಥ್ರೆಡ್ಡಿನ ಸ್ಕ್ರೂ ಹಾಗೆ ತಾನೇ ಹಿಡಿದುಕೊಳ್ಳುವುದಿಲ್ಲ, ಕರೆಂಟು ಹೋದ ಕ್ಷಣ ಹೆಡ್ಡು ಕೆಳಗಿಳಿಯುತ್ತದೆ. ನಮ್ಮ ಕಡೆ ಜುಲೈಯಲ್ಲಿ ಕರೆಂಟು ಹೋಗುವುದಕ್ಕೆ ಒಂದು ಮರ ಬಿದ್ದರೆ ಸಾಕು. ಅದಕ್ಕೆ ಝಡ್‌ಗೆ ಬ್ರೇಕ್ ಇರುವ ಮೋಟಾರೇ ಬೇಕು, 24 ವೋಲ್ಟಿನ ಬ್ರೇಕು, ಕರೆಂಟು ಇಲ್ಲದಾಗ ತಾನೇ ಹಿಡಿಯುತ್ತದೆ. ಆದರೆ ಬ್ರೇಕು ಹಿಡಿಯುವುದು ಮೋಟಾರ್ ಶಾಫ್ಟನ್ನು. ನಡುವೆ ಬೆಲ್ಟು ಇದ್ದು ಅದು ಹರಿದರೆ ಬ್ರೇಕು ಹಿಡಿದಿದ್ದರೂ ಹೆಡ್ಡು ನೇರ ಕೆಲಸದ ಮೇಲೆ, ಇಲ್ಲವೇ ನಿಮ್ಮ ಕೈ ಮೇಲೆ. ಅಲ್ಲಿ ನೇರ ಕಪ್ಲಿಂಗ್ ಅಂದದ್ದು ಇದಕ್ಕೇ.

ಇನ್ನೊಂದು, ಪಲ್ಸ್ ಲೆಕ್ಕ. ಕಂಟ್ರೋಲರ್ ಕಳಿಸುವ ಒಂದೊಂದು ಪಲ್ಸಿಗೂ ಮೋಟಾರು ಒಂದು ಹೆಜ್ಜೆ ತಿರುಗುತ್ತದೆ. ಒಂದು ಸುತ್ತಿಗೆ 10000 ಪಲ್ಸ್ ಅಂತ ಬಿಟ್ಟರೆ 3000 ಆರ್‌ಪಿಎಂಗೆ ಸೆಕೆಂಡಿಗೆ 5 ಲಕ್ಷ ಪಲ್ಸ್ ಬೇಕು. ಆರ್ಡುಯಿನೋ ಊನೋ ಅನ್ನುವ ಚಿಕ್ಕ ಬೋರ್ಡಿನ ಮೇಲೆ ಓಡುವ ಜಿಆರ್‌ಬಿಎಲ್ ಸಾಫ್ಟ್‌ವೇರ್ 30000ದ ಸುತ್ತ ಸುಸ್ತಾಗುತ್ತದೆ. ಡ್ರೈವಿನ ಎಲೆಕ್ಟ್ರಾನಿಕ್ ಗೇರ್‌ ಸೆಟ್ಟಿಂಗಿನಲ್ಲಿ ಒಂದು ಸುತ್ತಿಗೆ 500 ಇಟ್ಟರೆ ಅದರಲ್ಲೂ ಪೂರ್ತಿ ವೇಗ ಸಿಗುತ್ತದೆ, ಎಕ್ಸ್, ವೈಯಲ್ಲಿ ಒಂದು ಪಲ್ಸಿಗೆ 0.005 ಎಂಎಂ. ಒಳ್ಳೆಯ ಕಂಟ್ರೋಲರ್ ಇದ್ದರೆ 2000 ಇಡಿ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಗುಜರಿಯಲ್ಲೋ ಬರೀ ಮೋಟಾರು ಸಿಕ್ಕಿತು ಅಂತ ತರಬೇಡಿ. ಹೆಚ್ಚಿನ ಸರ್ವೋಗಳ ಎನ್ಕೋಡರ್ ತನ್ನ ಕಂಪನಿಯ ಡ್ರೈವಿನ ಜೊತೆ ಮಾತ್ರ ಮಾತಾಡುತ್ತದೆ. ಮೋಟಾರು, ಡ್ರೈವ್, ಎರಡು ಕೇಬಲ್ಲು ಒಟ್ಟಿಗೆ ಇದ್ದರೆ ಮಾತ್ರ ರೇಟು ಕೇಳಿ.

ಝಡ್ ಮೋಟಾರು ಆರ್ಡರ್ ಮಾಡುವ ಮೊದಲು ಹೆಡ್ಡಿನ ತೂಕ ಎಷ್ಟು, ಗ್ಯಾಸ್ ಸ್ಪ್ರಿಂಗ್ ಅಥವಾ ಎದುರು ತೂಕ ಏನಾದರೂ ಇದೆಯಾ ಅಂತ ಬರೆಯಿರಿ. ಸ್ಕ್ರೂ ತುದಿಯನ್ನು ವರ್ನಿಯರಿನಲ್ಲಿ ಅಳೆದು ಅದನ್ನೂ ಹಾಕಿ. 15 ಎಂಎಂ ಬೇರಿಂಗಿನ ಸಪೋರ್ಟು ಬಂದಿದ್ದರೆ ತುದಿ ಸಾಮಾನ್ಯವಾಗಿ 12 ಎಂಎಂ ಇರುತ್ತದೆ, ಬುಷ್ ಅದಕ್ಕೆ ತಕ್ಕಂತೆ ತಗೊಳ್ಳಬೇಕು.