ಯಾರಿಗೆ ಪ್ರಾಜೆಕ್ಟ್ ಬಂದಿದೆ, ವಿಚಾರಿಸಿ

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: "ನಾನು ಇತಿಹಾಸದಲ್ಲಿ ಎಂ.ಎ., ತಮ್ಮ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಇಬ್ಬರಿಗೂ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಬೇಕು. ಅವನಿಗೆ ಆಗಾಗ ಸಂದರ್ಶನ ಸಿಗುತ್ತದೆ. ನನಗೆ ಎರಡು ವರ್ಷದಿಂದ ಒಂದೂ ಇಲ್ಲ. ಪೇಪರಿನಲ್ಲಿ ಜಾಹೀರಾತೂ ಕಾಣುವುದಿಲ್ಲ. ನಮ್ಮ ವಿಷಯಕ್ಕೆ ಕೆಲಸವೇ ಇಲ್ಲವೇ?"

ಸಂಪಾದಕರ ಉತ್ತರ:

ಇದೆ. ಆದರೆ ಪೇಪರ್ ನೋಡುತ್ತಾ ಕೂತರೆ ಸಿಗುವುದಿಲ್ಲ.

ಇಂಥ ಕೆಲಸ ಕೊಡುವುದು ಹೆಚ್ಚಾಗಿ ವಿಶ್ವವಿದ್ಯಾಲಯವಲ್ಲ, ಒಬ್ಬ ಪ್ರಾಧ್ಯಾಪಕರ ಪ್ರಾಜೆಕ್ಟ್. ಎಲ್ಲಿಂದಲೋ ಅವರಿಗೆ ಹಣ ಮಂಜೂರಾಗುತ್ತದೆ, ಅದರಲ್ಲಿ ಒಬ್ಬರನ್ನೋ ಇಬ್ಬರನ್ನೋ ತೆಗೆದುಕೊಳ್ಳುತ್ತಾರೆ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು.

ನಿಮ್ಮ ತಮ್ಮನ ಕಡೆ ದುಡ್ಡು ಕೊಡುವವರು ಜಾಸ್ತಿ, ಅಲ್ವಾ? ಕೇಂದ್ರದ ವಿಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆ, ಕೃಷಿ ಸಂಶೋಧನಾ ಪರಿಷತ್ತು, ಹೀಗೆ. ಸಂಸ್ಥೆಯ ವೆಬ್‌ಸೈಟಿನ ಮೂಲೆಯಲ್ಲಿ ಒಂದು ಪುಟದ ಪ್ರಕಟಣೆ ಬೀಳುತ್ತದೆ: ವಾಕ್-ಇನ್ (ನೇರ ಸಂದರ್ಶನ) ಇಂಥ ದಿನ, ಮೂಲ ದಾಖಲೆ ತರಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ, ಟಿ.ಎ., ಡಿ.ಎ. (ಪ್ರಯಾಣ ಭತ್ಯೆ, ದಿನಭತ್ಯೆ) ಕೊಡುವುದಿಲ್ಲ. ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾಗಿದ್ದರೆ ಜೆ.ಆರ್.ಎಫ್. (ಜೂನಿಯರ್ ರಿಸರ್ಚ್ ಫೆಲೊ) ಹುದ್ದೆ ಸಿಗಬಹುದು. 2023ರ ಜನವರಿಯಿಂದ ಅದರ ದರ ತಿಂಗಳಿಗೆ 37,000 ರೂಪಾಯಿ. ಎರಡೂ ಇಲ್ಲದಿದ್ದರೆ ಪ್ರಾಜೆಕ್ಟ್ ಅಸಿಸ್ಟೆಂಟ್ ಥರದ್ದು, ದುಡ್ಡು ಕಡಿಮೆ.

ಇತಿಹಾಸಕ್ಕೆ ಲ್ಯಾಬ್ ಇಲ್ಲ, ಹಾಗಾಗಿ ಕೈಗಳೂ ಕಡಿಮೆ ಸಾಕು. ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿನ (ಐ.ಸಿ.ಎಸ್.ಎಸ್.ಆರ್.) ಪ್ರಾಜೆಕ್ಟುಗಳಲ್ಲಿ ರಿಸರ್ಚ್ ಅಸಿಸ್ಟೆಂಟ್, ಫೀಲ್ಡ್ ಇನ್ವೆಸ್ಟಿಗೇಟರ್ ಬೇಕಾಗುತ್ತಾರೆ. ನಾನೂ ಒಮ್ಮೆ ಫೀಲ್ಡ್ ಇನ್ವೆಸ್ಟಿಗೇಟರ್ ಆಗಿದ್ದೆ. ಹಗಲೆಲ್ಲ ಮನೆಗಳಿಗೆ ಬೀಗ. ಜನ ಹೊಲದಿಂದ ಬರುವ ಹೊತ್ತಿಗೆ ಹೋದರೆ ಮಾತ್ರ ಫಾರ್ಮ್ ತುಂಬುತ್ತಿತ್ತು. ಸಂಬಳ ಐದು ತಿಂಗಳು ತಡ. ಸೇರುವಾಗ ಹಣ ಎಷ್ಟು ತಿಂಗಳಿಗೊಮ್ಮೆ ಬರುತ್ತದೆ ಅಂತ ಸಂಕೋಚ ಬಿಟ್ಟು ಕೇಳಿ.

ಇನ್ನೊಂದು ದಾರಿ, ನಿಮ್ಮ ದುಡ್ಡು ನೀವೇ ತಂದುಕೊಳ್ಳುವುದು. ಯು.ಜಿ.ಸಿ. ನೆಟ್‌ನಲ್ಲಿ ಇತಿಹಾಸಕ್ಕೂ ಜೆ.ಆರ್.ಎಫ್. ಇದೆ, ಮೊತ್ತ ಅಷ್ಟೇ. ವಯೋಮಿತಿ 30, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ಅದು ಕೈಯಲ್ಲಿದ್ದರೆ ಪಿಎಚ್.ಡಿ.ಗೆ ಗೈಡ್ ಹುಡುಕುವುದೂ ಸುಲಭ.

ಪತ್ರದಲ್ಲಿ ನೀವು ಹೇಳದ ಒಂದು ವಿಷಯ ನನಗೆ ಮುಖ್ಯ. ಹಳೆಗನ್ನಡ ಶಾಸನ ಓದಲು ಬರುತ್ತದಾ? ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ? ನಿಮ್ಮ ಭಾಗ ಹಿಂದೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಹಳೆಯ ಕಾಗದಪತ್ರಗಳಲ್ಲಿ ಮೋಡಿ ಇದೆ. ಅದನ್ನು ಓದುವವರು ಈಗ ಅಪರೂಪ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಓಲೆಗರಿಗಳ ನಡುವೆಯೇ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು. ಅವರಿಗೆ ಆ ಓಲೆಯ ಲಿಪಿ ಬರುತ್ತಿತ್ತು, ಅದಕ್ಕೇ ಸಿಕ್ಕಿತು.

ಪ್ರಾಧ್ಯಾಪಕರಿಗೆ ಬರೆಯುವಾಗ "ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿ" ಅಂತ ಶುರು ಮಾಡಬೇಡಿ. ನಮ್ಮ ಕಚೇರಿಗೂ ಹಾಗೆ ಬರುತ್ತವೆ, ಮುಂದೆ ಓದುವುದಿಲ್ಲ. ಅವರ ಒಂದು ಲೇಖನ ಓದಿ, ಅದರಲ್ಲಿ ನಿಮಗೆ ಎಲ್ಲಿ ಅನುಮಾನ ಬಂತು ಅಂತ ಎಂಟು ಸಾಲು ಬರೆಯಿರಿ.

ಮುಂದಿನ ಸಲ ತಮ್ಮ ಧಾರವಾಡಕ್ಕೆ ವಾಕ್-ಇನ್‌ಗೆ ಹೋದಾಗ ನೀವೂ ಹೋಗಿ. ಅವನು ಸಾಲಿನಲ್ಲಿ ಕೂತಿರಲಿ, ನೀವು ಇತಿಹಾಸ ವಿಭಾಗಕ್ಕೆ ನಡೆಯಿರಿ. ನೋಟಿಸ್ ಬೋರ್ಡ್ ನೋಡಿ, ಆಮೇಲೆ ಅಟೆಂಡರ್ ಹತ್ತಿರ ಮಾತಾಡಿ. ಯಾರಿಗೆ ಪ್ರಾಜೆಕ್ಟ್ ಬಂದಿದೆ ಅಂತ ಅವರಿಗೆ ಬೋರ್ಡಿಗಿಂತ ಮೊದಲೇ ಗೊತ್ತಿರುತ್ತದೆ.