ಸಂಪಾದಕರ ಉತ್ತರ: ಹೊಂಡದ ಲೆಕ್ಕ ಯಾರ ಖಾಸಗಿ ವಿಷಯ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ಖಾಸಗಿತನ, ಖಾಸಗಿತನ ಅಂತ ನೀವು ಮೇಲಿಂದ ಮೇಲೆ ಬರೆಯುತ್ತೀರಿ. ನನ್ನ ಕಥೆ ಕೇಳಿ. ನಮ್ಮೂರಲ್ಲಿ ಸಬ್ಸಿಡಿ ಮೇಲೆ ಯಾರ್ಯಾರಿಗೆ ಕೃಷಿ ಹೊಂಡ ಕೊಟ್ಟಿದ್ದಾರೆ, ಎಷ್ಟೆಷ್ಟು ಬಿಲ್ ಆಗಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಹೊಂಡವೇ ಇಲ್ಲದ ಹೊಲಕ್ಕೂ ಬಿಲ್ ಆಗಿದೆ ಅಂತ ಊರೆಲ್ಲ ಮಾತಾಡುತ್ತದೆ. ಕಚೇರಿಯಿಂದ ಬಂದ ಉತ್ತರ ಒಂದೇ ಸಾಲು: ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ. ಖಾಸಗಿತನ ಬೇಕಾಗಿರುವುದು ಕಳ್ಳರಿಗೆ. ನಮ್ಮಂಥ ಹಳ್ಳಿಯವರ ಹತ್ತಿರ ಮುಚ್ಚಿಡೋದು ಏನಿದೆ? ಎಲ್ಲಾ ಬಯಲಿಗಿಡಿ ಅಂತ ಬರೆಯಿರಿ. ನಮ್ಮೂರಿನ ಪಿಂಚಣಿ ಪಟ್ಟಿ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು, ಅದರ ಜೆರಾಕ್ಸ್ ಕೂಡ ಈ ಪತ್ರದ ಜೊತೆ ಇಟ್ಟಿದ್ದೇನೆ. — ಒಬ್ಬ ರೈತ, ಕೊಪ್ಪಳ ಜಿಲ್ಲೆ

ಹಿರಿಯರೇ, ನಿಮ್ಮ ಪತ್ರ ಓದಿ ಖುಷಿಯೂ ಆಯಿತು, ಸಿಟ್ಟೂ ಬಂತು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಹೊಂಡದ ಲೆಕ್ಕ ಕೇಳುವವರು ಊರಿಗೊಬ್ಬರು ಸಿಗುವುದೂ ಕಷ್ಟ. ಅದಕ್ಕೆ ಖುಷಿ. ಸಿಟ್ಟಿನ ಮಾತು ಆಮೇಲೆ.

ನಿಮಗೆ ಇಲ್ಲ ಅಂದದ್ದು ಯಾವ ಬಲದ ಮೇಲೆ ಅಂತ ಮೊದಲು ನೋಡೋಣ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 8(1)(ಜೆ) ಅಂತ ಒಂದು ಕಲಂ ಇದೆ. ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ, ಆದರೆ ಜನರ ಹಿತ ದೊಡ್ಡದಿದ್ದರೆ ಕೊಡಬೇಕು ಅಂತ ಅದರಲ್ಲಿತ್ತು. ಅದರ ಕೆಳಗೆ ಇನ್ನೊಂದು ಮಾತಿತ್ತು: ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ಇಲ್ಲ ಅನ್ನಲಾಗದ ಮಾಹಿತಿಯನ್ನು ಯಾವ ಮನುಷ್ಯನಿಗೂ ಇಲ್ಲ ಅನ್ನುವಂತಿಲ್ಲ. ಹೊಲದ ಬದುವಿನ ಮೇಲೆ ನಿಂತ ನಿಮ್ಮನ್ನೂ ಎಂ.ಎಲ್.ಎ. ಸಾಹೇಬರನ್ನೂ ಆ ಸಾಲು ಒಂದೇ ಸಮಕ್ಕೆ ನಿಲ್ಲಿಸಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ ಇದನ್ನೆಲ್ಲ ಕತ್ತರಿಸಿ ಹಾಕಿತು. 2025ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಈಗ ಆ ಕಲಮಿನಲ್ಲಿ ಉಳಿದಿರುವುದು ‘ವೈಯಕ್ತಿಕ ಮಾಹಿತಿ’ ಅನ್ನುವ ಎರಡು ಪದ ಮಾತ್ರ. ಕಚೇರಿಯವರಿಗೆ ಅಷ್ಟೇ ಸಾಕಾಯಿತು.

ಆದರೆ ಅವರು ನಿಮಗೆ ಅರ್ಧ ಕಾಯ್ದೆ ಓದಿ ಹೇಳಿದ್ದಾರೆ. ಅದೇ ಕಾಯ್ದೆಯ 8(2) ಇನ್ನೂ ಬದುಕಿದೆ. ಬಚ್ಚಿಡುವುದರಿಂದ ಆಗುವ ಲಾಭಕ್ಕಿಂತ ಜನರ ಹಿತ ಹೆಚ್ಚಾಗಿದ್ದರೆ ಮಾಹಿತಿ ಕೊಡಬಹುದು ಅನ್ನುತ್ತದೆ ಅದು. 4ನೇ ಕಲಂ ಅಂತೂ ಕೂದಲೆಳೆಯಷ್ಟೂ ಬದಲಾಗಿಲ್ಲ. ಸಬ್ಸಿಡಿ ಯೋಜನೆ ಹೇಗೆ ನಡೆಯಿತು, ಎಷ್ಟು ಹಣ ಇಟ್ಟಿದ್ದರು, ಫಲಾನುಭವಿಗಳು ಯಾರು ಅನ್ನುವುದನ್ನು ಯಾರೂ ಕೇಳುವ ಮೊದಲೇ ಕಚೇರಿ ಪ್ರಕಟಿಸಬೇಕು ಅಂತ 4(1)(ಬಿ) ಹೇಳುತ್ತದೆ. ಅಂದರೆ ನೀವು ಅರ್ಜಿ ಹಾಕುವ ಪ್ರಮೇಯವೇ ಬರಬಾರದಿತ್ತು. ಆ ಪಟ್ಟಿ ಗೋಡೆ ಮೇಲೆ ಇರಬೇಕಿತ್ತು.

ನಮ್ಮ ನೆಲಕ್ಕೆ ಇದು ಹೊಸದೇನಲ್ಲ. ನಿಮ್ಮ ಸುತ್ತಲಿನ ಹಳೇ ಗುಡಿಗಳ ಮುಂದಿನ ಶಾಸನಗಳನ್ನು ಓದಿಸಿ ನೋಡಿ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಮತ್ತರು ಭೂಮಿ, ಮೂಡಣಕ್ಕೆ ಎಲ್ಲೆ ಯಾವುದು, ಎಲ್ಲ ಕಲ್ಲಿನ ಮೇಲಿದೆ, ಹೋಗೋ ಬರೋ ದಾರಿಯಲ್ಲಿದೆ. ಊರಿನ ಸೊತ್ತು ಯಾರ ಕೈಗೆ ಹೋಯಿತು ಅನ್ನುವುದು ಊರಿಗೆ ತಿಳಿದಿರಬೇಕು ಅಂತ ಆಗಿನವರಿಗೆ ಗೊತ್ತಿತ್ತು.

ಅಧಿಕಾರಿಗಳಿಗೂ ಮನೆ ಮಠ ಇದೆ, ಒಪ್ಪುತ್ತೇನೆ. ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಅವರಿಗೆ ಯಾವ ಕಾಯಿಲೆ ಇದೆ ಅನ್ನುವುದು ನಮಗೆ ಬೇಕಿಲ್ಲ. ಅರ್ಜಿ ಹಾಕಿ ಬೆದರಿಸಿ ದುಡ್ಡು ಕೀಳುವವರೂ ಇದ್ದಾರೆ. ಅಂಥವರನ್ನು ಹಿಡಿಯಲು ಪೊಲೀಸರಿದ್ದಾರೆ. ಆದರೆ ಆ ಕುರ್ಚಿಯಲ್ಲಿ ಕೂತು ಹಾಕಿದ ಸಹಿ, ಮಂಜೂರು ಮಾಡಿದ ಬಿಲ್, ತೆಗೆದ ಜಿ.ಪಿ.ಎಸ್. ಫೋಟೊ ಇವೆಲ್ಲ ಯಾರ ಸ್ವಂತದ್ದೂ ಅಲ್ಲ. ಅವು ನಮ್ಮವು.

ಬಳ್ಳಾರಿಯಲ್ಲಿ ಕೂತು ಬರೆಯುವ ನನಗೆ ಈ ಮಾತು ಬರೀ ವಾದವಲ್ಲ. ಗಣಿ ಧೂಳಿನ ಕಾಲ ನೆನೆಸಿಕೊಳ್ಳಿ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆ ಬಗ್ಗೆ ವರದಿ ಕೊಟ್ಟಾಗ ರಾಜ್ಯದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಲೆಕ್ಕ ಬಂತು. ಅದು ಯಾರೋ ಕೂಗಾಡಿದ್ದರಿಂದ ಬಂದ ಲೆಕ್ಕ ಅಲ್ಲ. ಪರ್ಮಿಟ್ ಪುಸ್ತಕ, ಬಂದರಿನ ರಫ್ತಿನ ಲೆಕ್ಕ, ಬ್ಯಾಂಕ್ ಖಾತೆ ಒಂದಕ್ಕೊಂದು ತಾಳೆ ನೋಡಿದ್ದರಿಂದ ಬಂದದ್ದು. ಆ ಕಾಗದಗಳ ಮೇಲೂ ವ್ಯಕ್ತಿಗಳ ಹೆಸರಿತ್ತು. ಹೆಸರಿದೆ ಅನ್ನುವ ಕಾರಣಕ್ಕೇ ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತು?

2024ರ ನವೆಂಬರ್ ಇನ್ನೂ ಹತ್ತಿರದ್ದು. ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರಾದ ಮೇಲೆ ಒಬ್ಬರು ತೀರಿಕೊಂಡರು. ಡ್ರಿಪ್ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು. ಸರಬರಾಜು ಮಾಡಿದ ಕಂಪನಿ ಕಪ್ಪುಪಟ್ಟಿಗೆ ಹೋಯಿತು. ಆ ಹೆಣ್ಣುಮಕ್ಕಳ ಹೆಸರು, ಫೋಟೊ, ಅವರ ತಾಯಂದಿರ ಅಳು ಎಲ್ಲ ಟಿವಿಯಲ್ಲಿ ಬಂತು. ಆದರೆ ಗೋಡೆ ಮೇಲೆ ಅಂಟಿಸಬೇಕಿದ್ದದ್ದು ಬಾಟಲಿಯ ಬ್ಯಾಚ್ ನಂಬರ್ ಮತ್ತು ಪರೀಕ್ಷೆಯ ವರದಿ, ಸತ್ತವರ ಮುಖ ಅಲ್ಲ. ಇದನ್ನು ಎಷ್ಟು ಸಲ ಬರೆದರೂ ನನಗೆ ಸಮಾಧಾನ ಆಗುವುದಿಲ್ಲ.

ಈಗ ಸಿಟ್ಟಿನ ಮಾತು. ಹಿರಿಯರೇ, ನೀವು ಕಳಿಸಿದ ಪಿಂಚಣಿ ಪಟ್ಟಿಯಲ್ಲಿ ಏನೇನಿದೆ ಅಂತ ನೋಡಿದ್ದೀರಾ? ವಿಧವೆಯರ, ಮುದುಕರ, ಅಂಗವಿಕಲರ ಹೆಸರಿನ ಮುಂದೆ ಪೂರ್ತಿ ಆಧಾರ್ ನಂಬರ್, ಬ್ಯಾಂಕಿನ ಹೆಸರು, ಖಾತೆ ನಂಬರ್, ಮೊಬೈಲ್ ನಂಬರ್ ಇದೆ. ಪಿಂಚಣಿ ಯಾರಿಗೆ ಬಂತು, ಎಷ್ಟು ಬಂತು ಅಂತ ಊರಿಗೆ ತಿಳಿಯಲಿ, ಸರಿ. ಖಾತೆ ನಂಬರ್ ಯಾಕೆ ಬೇಕು? ನಮ್ಮ ಹತ್ತಿರ ಮುಚ್ಚಿಡೋದು ಏನಿದೆ ಅಂದಿರಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಜನರ ಖಾತೆಯಿಂದ ಹಣ ಎಳೆದರು. ಮಂಗಳೂರು, ಬೆಂಗಳೂರಿನಲ್ಲಿ ದೂರುಗಳಾದವು. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಒಂದು ಬೆರಳಚ್ಚು ಇದ್ದರೆ ಹಣ ತೆಗೆಯಬಹುದು, ಓಟಿಪಿ ಬೇಕಿಲ್ಲ. ಆ ಮೂರರಲ್ಲಿ ಎರಡು ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ತಿರುಗಾಡುತ್ತಿವೆ. ನನಗೆ ಕಳಿಸಿದ ಜೆರಾಕ್ಸನ್ನು ಹರಿದು ಹಾಕಿದ್ದೇನೆ. ಗುಂಪಿನಿಂದಲೂ ಅದನ್ನು ತೆಗೆಸಿ. ನೀವು ಹೇಳಿದರೆ ಕೇಳುತ್ತಾರೆ.

ತಪ್ಪು ನಿಮ್ಮೊಬ್ಬರದೇ ಅಲ್ಲ. ಬಡವರ ಕಾಗದಕ್ಕೆ ಈ ದೇಶದಲ್ಲಿ ಮರ್ಯಾದೆ ಇಲ್ಲ. ಈಚೆಗೆ ನಮ್ಮ ಆಫೀಸಿಗೆ ವಗ್ಗರಣಿ ಮಿರ್ಚಿ ತರಿಸಿದ್ದೆವು. ಮಿರ್ಚಿ ಸುತ್ತಿದ್ದ ಹಾಳೆ ಯಾರೋ ಹೆಣ್ಣುಮಗಳ ಸಾಲದ ಅರ್ಜಿಯ ಜೆರಾಕ್ಸ್. ಫೋಟೊ, ಗಂಡನ ಹೆಸರು, ಆಧಾರ್ ನಂಬರ್, ಕೆಳಗೆ ಹೆಬ್ಬೆಟ್ಟು. ಸಿಮ್‌ಗೆ ಜೆರಾಕ್ಸ್, ಲಾಡ್ಜಿಗೆ ಜೆರಾಕ್ಸ್, ಸಂಘದ ಸಾಲಕ್ಕೆ ಜೆರಾಕ್ಸ್. ಇಸಿದುಕೊಂಡವರು ಅದನ್ನು ಏನು ಮಾಡುತ್ತಾರೆ ಅಂತ ಕೇಳುವವರಿಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಒಳ್ಳೆ ಸಲಹೆ ಕೊಟ್ಟಿತು: ಕಂಡ ಕಂಡಲ್ಲಿ ಜೆರಾಕ್ಸ್ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ. ಎರಡೇ ದಿನಕ್ಕೆ ಆ ಸಲಹೆಯನ್ನು ಸರ್ಕಾರ ವಾಪಸ್ ಪಡೆಯಿತು, ಜನ ತಪ್ಪು ತಿಳಿಯಬಹುದು ಅಂತ. ಜನ ಸರಿಯಾಗಿಯೇ ತಿಳಿದುಕೊಂಡಿದ್ದರು. ಅಂಥ ಪ್ರತಿ ಈಗಲೂ ಸಿಗುತ್ತದೆ, ಅದನ್ನೇ ಕೊಡಿ.

ಖಾಸಗಿತನ ಕಳ್ಳರ ಸೊತ್ತು ಅಂತ ಇನ್ನೊಮ್ಮೆ ಅನ್ನಬೇಡಿ. ಅದನ್ನು ಗೆದ್ದುಕೊಟ್ಟವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 86ನೇ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಮನುಷ್ಯನನ್ನು ಸರ್ಕಾರದ ಕಣ್ಣಿನಿಂದ ಕಾಯಲು ಹುಟ್ಟಿದ ಹಕ್ಕು ಅದು. ಇವತ್ತು ಅದನ್ನೇ ಎತ್ತಿಕೊಂಡು ಸರ್ಕಾರದ ಬಿಲ್ಲನ್ನು ನಿಮ್ಮ ಕಣ್ಣಿನಿಂದ ಕಾಯುತ್ತಿದ್ದಾರೆ. ನನ್ನ ಹೊಟ್ಟೆ ಉರಿಯುವುದು ಇದಕ್ಕೆ.

ಉದ್ಯೋಗ ಖಾತ್ರಿಯಲ್ಲಿ ಏನಾಯಿತು ನೋಡಿ. ರಾಯಚೂರಿನ ಬಿಸಿಲಲ್ಲಿ ಮಣ್ಣು ಹೊರುವ ಹೆಂಗಸರ ಫೋಟೊ ಹಾಜರಿಗಾಗಿ ದಿನಕ್ಕೆ ಎರಡು ಸಲ ಆ್ಯಪಿಗೆ ಹತ್ತಬೇಕು ಅಂತ 2023ರ ಜನವರಿಯಿಂದ ಕಡ್ಡಾಯ ಮಾಡಿದರು. ನೆಟ್‌ವರ್ಕ್ ಸಿಗದಿದ್ದರೆ ಕೂಲಿಗೇ ಕುತ್ತು. ಕಡೆಗೆ ಸಂಬಂಧವಿಲ್ಲದ ಫೋಟೊ, ಫೋಟೊದ ಫೋಟೊ ಹಾಕುತ್ತಿದ್ದಾರೆ ಅಂತ 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ಸುತ್ತೋಲೆ ಹೊರಡಿಸಿತು. ಕ್ಯಾಮೆರಾ ಕೂಲಿಯವರ ಕಡೆ ತಿರುಗಿತ್ತು, ಕಳ್ಳ ಹಾಜರಿ ಹಾಗೇ ನಡೆದಿತ್ತು.

ಈಗ ಕೆಲಸದ ಮಾತು. ಉತ್ತರ ಕೈಗೆ ಬಂದ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. 4(1)(ಬಿ) ಮತ್ತು 8(2) ಎರಡನ್ನೂ ಹೆಸರು ಹಿಡಿದು ಬರೆಯಿರಿ. ಫಲಾನುಭವಿಯ ಹೆಸರು, ಸರ್ವೆ ನಂಬರ್, ಬಿಲ್ ಮೊತ್ತ, ಅಳತೆ ಪುಸ್ತಕದ ಪ್ರತಿ ಇಷ್ಟನ್ನೇ ಕೇಳಿ. ಆಧಾರ್, ಖಾತೆ ನಂಬರ್ ಬೇಡ, ಅಳಿಸಿ ಕೊಡಿ ಅಂತ ನೀವೇ ಬರೆಯಿರಿ. ಆಗ ಅವರಿಗೆ ‘ವೈಯಕ್ತಿಕ’ ಅನ್ನುವ ನೆಪ ಇರುವುದಿಲ್ಲ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಿ. ಕಲಬುರಗಿಯಲ್ಲೇ ಪೀಠ ಇದೆ, ಬೆಂಗಳೂರಿನ ಬಸ್ ಹತ್ತಬೇಕಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದ ಉಳಿದ ಓದುಗರಿಗೂ ಒಂದು ಮಾತು. 2025ರ ನವೆಂಬರ್ ಆದಮೇಲೆ ‘ವೈಯಕ್ತಿಕ ಮಾಹಿತಿ’ ಅಂತ ನಿಮ್ಮ ಅರ್ಜಿಯನ್ನೂ ತಿರಸ್ಕರಿಸಿದ್ದರೆ ಆ ಉತ್ತರದ ಪ್ರತಿ ನಮಗೆ ಕಳಿಸಿ. ನಿಮ್ಮ ಹೆಸರು, ವಿಳಾಸ ಮಸಿಯಿಂದ ಮುಚ್ಚಿ ಕಳಿಸಿ. ಕಚೇರಿಯ ಹೆಸರು, ಸಹಿ ಮಾಡಿದವರ ಹುದ್ದೆ, ತಾರೀಖು ಹಾಗೇ ಇರಲಿ. ಪುಟ ಎಷ್ಟು ಬೇಕಾದರೂ ಆಗಲಿ, ಎಲ್ಲವನ್ನೂ ಅಚ್ಚು ಹಾಕುತ್ತೇವೆ.

— ಸಂ.