ನಡಾವಳಿ ಪುಸ್ತಕ ಮನೆ ಬಾಗಿಲಿಗೆ ಬಂದರೆ

ಓದುಗರ ಪಂಚಾಯಿತಿ ಪ್ರಶ್ನೆಗಳಿಗೆ ನಿವೃತ್ತ ಕಾರ್ಯದರ್ಶಿಯ ಉತ್ತರ

ಪ್ರಶ್ನೆ: ಮಹಿಳಾ ಮೀಸಲು ಸ್ಥಾನದಲ್ಲಿ ಗೆದ್ದು ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೇನೆ. ಸಭೆಗೆ ನಮ್ಮ ಯಜಮಾನರೇ ಹೋಗಿಬರುತ್ತಾರೆ. ಸಂಜೆ ಸಭೆಯ ತೀರ್ಮಾನಗಳನ್ನು ಬರೆಯುವ ನಡಾವಳಿ ಪುಸ್ತಕ ಮನೆಗೆ ಬರುತ್ತದೆ, ಸಹಿ ಹಾಕಿ ಕಳಿಸುತ್ತೇನೆ. ನಮ್ಮ ಬೀದಿಯ ಚರಂಡಿಗೆ ಬಿಲ್ ಪಾವತಿಯಾಗಿದೆ ಎಂದು ಮೊನ್ನೆ ಗೊತ್ತಾಯಿತು. ಬೀದಿಯಲ್ಲಿ ಚರಂಡಿಯೇ ಇಲ್ಲ! ಮನೆಯಲ್ಲಿ ಜಗಳವಾಗದಂತೆ ಏನು ಮಾಡಲಿ?
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಜಗಳದ ಮಾತು ಆಮೇಲೆ ತಾಯಿ, ಮೊದಲು ಸಹಿಯ ಮಾತು. ನಾಳೆ ತನಿಖೆಯಾದರೆ ನೋಟಿಸ್ ಬರುವುದು ನಿಮ್ಮ ಹೆಸರಿಗೆ, ಯಜಮಾನರ ಹೆಸರಿಗಲ್ಲ. ಗ್ರಾಮ ಸಭೆಯಲ್ಲಿ ಅವರು ಮತದಾರರಾಗಿ ಕುಳಿತು ಧಾರಾಳವಾಗಿ ಮಾತನಾಡಲಿ, ಅದು ಅವರ ಹಕ್ಕು. ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಮಾತ್ರ ಅವರಿಗೆ ಕುರ್ಚಿ ಇಲ್ಲ. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದ 1983ರ ಪಂಚಾಯಿತಿ ಕಾಯಿದೆ ಹೆಂಗಸರಿಗೆ ಶೇ 25 ಸ್ಥಾನ ಕೊಟ್ಟಿತು, 2010ರಲ್ಲಿ ಅದು ಅರ್ಧಕ್ಕೆ ಏರಿತು. ಗಂಡಂದಿರು ಹಾಜರಿ ಹಾಕಲಿ ಎಂದು ಕೊಟ್ಟದ್ದಲ್ಲ.

ಪುಸ್ತಕ ಚೀಲದಲ್ಲಿ ಊರೂರು ಸುತ್ತುವುದನ್ನು ನಾನು ಸೇವೆಯುದ್ದಕ್ಕೂ ಕಂಡಿದ್ದೇನೆ. ಸಹಿ ಹಾಕುವ ಜಾಗಕ್ಕೆ ಪೆನ್ಸಿಲ್ಲಿನ ಚುಕ್ಕೆ ಇರುತ್ತದೆ. ಕೊನೆಯ ಠರಾವಿಗೂ (ನಿರ್ಣಯಕ್ಕೂ) ಆ ಚುಕ್ಕೆಗೂ ನಡುವೆ ನಾಲ್ಕೈದು ಸಾಲು ಖಾಲಿ. ಆ ಖಾಲಿಯೇ ಕಳ್ಳಗಿಂಡಿ. ಸಹಿಯಾದ ಮೇಲೆ ಅಲ್ಲಿ ಇನ್ನೊಂದು ಠರಾವು ಬಂದು ಕೂರುತ್ತದೆ, ಅಕ್ಷರ ಚಿಕ್ಕದು, ಶಾಯಿಯ ಬಣ್ಣ ಬೇರೆ. ಇನ್ನು ಮುಂದೆ ಮನೆಯಲ್ಲಿ ಸಹಿ ಬೇಡವೇ ಬೇಡ. ಸಭೆಯಲ್ಲಿ ಕುಳಿತು, ಓದಿಸಿ, ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ಗೆರೆಗೆ ಅಂಟಿದಂತೆ ಸಹಿ ಹಾಕಿ.

ಚರಂಡಿಗೆ ಬರೋಣ. ಅಂದಾಜು ಪಟ್ಟಿ, ಎಂಜಿನಿಯರರ ಅಳತೆ ಪುಸ್ತಕ, ಬಿಲ್ಲು, ಕಾಮಗಾರಿಯ ಫೋಟೊ: ಈ ನಾಲ್ಕನ್ನೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಲ್ಲಿ ಲಿಖಿತವಾಗಿ ಕೇಳಿ, ಅರ್ಜಿಯ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ, 30 ದಿನದೊಳಗೆ ಉತ್ತರ ಬರಬೇಕು. ಫೋಟೊದಲ್ಲಿ ಪಕ್ಕದ ಊರಿನ ಚರಂಡಿ ಕಂಡರೆ ಆಶ್ಚರ್ಯಪಡಬೇಡಿ. ಎಲ್ಲವನ್ನೂ ಜೋಡಿಸಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ಕೊಡಿ. ನೀವೇ ಸಹಿ ಹಾಕಿದ್ದು ಹೇಗೆ ಎಂಬುದನ್ನೂ ಅದರಲ್ಲಿ ಮುಚ್ಚಿಡದೆ ಬರೆಯಿರಿ.

ಇನ್ನು ಮನೆಯ ಜಗಳ. ಚರಂಡಿಯ ಸಂಗತಿ ಯಜಮಾನರಿಗೆ ಮೊದಲೇ ಗೊತ್ತಿತ್ತೇ? ಗೊತ್ತಿರದಿದ್ದರೆ ಅವರೇ ನಿಮ್ಮನ್ನು ಸಭೆಗೆ ಬಿಟ್ಟು ಬರುತ್ತಾರೆ. ಗೊತ್ತಿದ್ದರೆ ಜಗಳವಾಗುವುದೇ ಒಳ್ಳೆಯದು.

ಪ್ರಶ್ನೆ: ನಮ್ಮೂರಲ್ಲಿ ಈಗ ಡಂಗುರವಿಲ್ಲ. ಗ್ರಾಮ ಸಭೆಯ ಸುದ್ದಿ ಹಿಂದಿನ ರಾತ್ರಿ ವಾಟ್ಸ್ಆಪ್‌ನಲ್ಲಿ ಬರುತ್ತದೆ. ಜನ ಸೇರುವುದಾದರೂ ಹೇಗೆ?
– ಒಬ್ಬ ಓದುಗ, ಹಾವೇರಿ ಜಿಲ್ಲೆ

ಉತ್ತರ: ಜನ ಸೇರದಿರಲಿ ಎಂದೇ ರಾತ್ರಿ ಕಳಿಸುವುದು ಸ್ವಾಮಿ. ವರ್ಷಕ್ಕೆ ಎರಡಾದರೂ ಗ್ರಾಮ ಸಭೆ ನಡೆಯಬೇಕು, ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆಯೂ ಅಲ್ಲೇ ಆಗಬೇಕು. ದೇವಸ್ಥಾನದ ಮೈಕಿನಲ್ಲಿ 'ಮನೆ ಪಟ್ಟಿ ಓದುತ್ತಾರಂತೆ' ಎಂದು ಒಂದೇ ಮಾತು ಹೇಳಿಸಿ ನೋಡಿ, ಶಾಲೆಯಿಂದ ಬೆಂಚು ತರಿಸಬೇಕಾಗುತ್ತದೆ.